ವಿಆರ್‌ನಲ್ಲಿ ವರ್ಕ್‌ಸ್ಟೇಷನ್ ಟೆಸ್ಟ್ ಮಾಡೋದು ಹೇಗೆ: ಹೆಡ್‌ಸೆಟ್‌ಗಿಂತ ಮುಂಚೆ ಟೇಪ್ ಹಿಡೀರಿ

ಪುಣೆ ಸುತ್ತಲಿನ ಭೋಸರಿ, ಚಾಕಣ, ತಳೇಗಾಂವ್ ಕಡೆ ಡಿಸೈನ್ ಇಲ್ಲಾ ಪ್ರೊಡಕ್ಷನ್‌ನಲ್ಲಿರೋ ನಮ್ಮ ಕನ್ನಡದವರು ಫೋನ್ ಮಾಡಿದ್ರೆ ಕಥೆ ಹೆಚ್ಚುಕಮ್ಮಿ ಒಂದೇ ಇರುತ್ತೆ. "ವಿಆರ್‌ನಲ್ಲಿ ಆಪರೇಟರ್ ನಿಂತು ಕೆಲಸ ಮಾಡೋ ಸ್ಟೇಷನ್ ಟೆಸ್ಟ್ ಮಾಡಿದ್ವಿ ಸರ್, ಎಲ್ಲಾ ಗ್ರೀನ್ ಬಂತು, ಫಿಕ್ಸ್ಚರ್ ಕಟ್ಟಿಸಿದ್ವಿ, ಈಗ ಆಪರೇಟರು ಭುಜ ಹಿಡ್ಕೊಂಡು ಕೂತಿದಾರೆ." ಹತ್ತು ನಿಮಿಷ ಕೇಳಿದ್ಮೇಲೆ ಗೊತ್ತಾಗುತ್ತೆ, ಸಾಫ್ಟ್‌ವೇರ್ ಸರಿ ಇತ್ತು, ಹೆಡ್‌ಸೆಟ್ ಸರಿ ಇತ್ತು, ಕೆಲಸದ ಕ್ರಮ ಮಾತ್ರ ತಲೆಕೆಳಗು. ಬಾಕ್ಸ್ ಬಿಚ್ಚಿದ ದಿನವೇ ಹೆಡ್‌ಸೆಟ್ ತಲೆಗೇರಿಸ್ತಾರೆ, ಅಳತೆ ಟೇಪ್ ಎಲ್ಲಾ ಮುಗಿದ ಮೇಲೆ ನೆನಪಾಗುತ್ತೆ. ಇಲ್ಲಿ ಆಪರೇಟರ್ ತಲೆಗೆ ಹೆಡ್‌ಸೆಟ್ ಬರೋದು 6ನೇ ಹಂತದಲ್ಲಿ, ಅಲ್ಲೀವರೆಗೆ ಕೈ ತುರಿಸಿದ್ರೂ ತಡ್ಕೊಳ್ಳಿ.

ಉದಾಹರಣೆಗೆ ಒಂದೇ ಸ್ಟೇಷನ್ ಇಟ್ಕೊಳ್ತೀನಿ: 9 ಕೆಜಿ ಬ್ರಾಕೆಟ್ ಬಿನ್‌ನಿಂದ ಎತ್ತಬೇಕು, ಎದೆಗಿಂತ ಮೇಲಿರೋ ಫಿಕ್ಸ್ಚರ್‌ಗೆ (ಪಾರ್ಟ್ ಹಿಡಿದಿಡೋ ಚೌಕಟ್ಟಿಗೆ) ಕೂರಿಸಬೇಕು, 4 ಬೋಲ್ಟ್ ಟೈಟ್ ಮಾಡಿ ಪಕ್ಕದ ಪ್ಯಾನೆಲ್‌ನಲ್ಲಿ ಬಟನ್ ಒತ್ತಬೇಕು. ಎತ್ತೋದು, ಚಾಚೋದು, ನೋಡೋದು, ಪ್ಯಾನೆಲ್ ಜೊತೆ ಒದ್ದಾಡೋದು, ನಾಲ್ಕೂ ಇದರಲ್ಲಿ ಇದೆ.

## ಬೇಕಾಗೋ ಸಾಮಾನು

ಪಿಸಿಗೆ ಕನೆಕ್ಟ್ ಆಗೋ ಹೆಡ್‌ಸೆಟ್ ಒಂದು, ಸೊಂಟಕ್ಕೂ ಎರಡು ಮೊಣಕೈಗೂ ಕಟ್ಟೋಕೆ 3 ಟ್ರ್ಯಾಕರ್ (ಎಲ್ಲಿದೆ ಅಂತ ಸಿಸ್ಟಮ್‌ಗೆ ಹೇಳೋ ಸೆನ್ಸರ್), 5ನೇ ಹಂತದ ಮರದ ಪ್ರಾಪ್‌ಗೆ ಇನ್ನೊಂದು, 3ಡಿ ದೃಶ್ಯ ಕಟ್ಟೋ ಸಾಫ್ಟ್‌ವೇರ್ ಯೂನಿಟಿ ಇಲ್ಲಾ ಅನ್‌ರಿಯಲ್, ಟ್ರೈಪಾಡ್ ಮೇಲೆ ನಿಲ್ಲಿಸೋಕೆ 2 ಹಳೇ ಫೋನ್. ಟ್ರ್ಯಾಕರ್‌ನೂ ಹೆಡ್‌ಸೆಟ್‌ನೂ ಒಂದೇ ಸಿಸ್ಟಮ್‌ದು ತಗೊಳ್ಳಿ, ಒಂದು ಕ್ವೆಸ್ಟ್ ಒಂದು ವೈವ್ ಅಂತ ಬೆರೆಸಿದ್ರೆ ಇಬ್ಬರ ಲೆಕ್ಕ ಕೂಡಿಸೋಕೆ ಬೇರೆ ಕ್ಯಾಲಿಬ್ರೇಷನ್ ಬೇಕು, ಅದು ಸೆಷನ್ ಮಧ್ಯೆ ಜಾರಿದ್ರೆ ನಿಮಗೆ ಗೊತ್ತೂ ಆಗಲ್ಲ.

ಇನ್ನು ನಿಜವಾಗ್ಲೂ ಕೆಲಸಕ್ಕೆ ಬರೋದು: 5 ಮೀಟರ್ ಸ್ಟೀಲ್ ಟೇಪ್, ಸ್ಪಿರಿಟ್ ಲೆವೆಲ್, ಗಾರೆಯವರ ತೂಗುಗುಂಡು, ಲಗೇಜ್ ತೂಗೋ ಹುಕ್ ಸ್ಕೇಲ್, ಮಾಸ್ಕಿಂಗ್ ಟೇಪ್, ಸ್ಲಾಟೆಡ್ ಆ್ಯಂಗಲ್, ಎರಡು ಪ್ಲೈವುಡ್ ಶೀಟ್. ರವಿವಾರ ಪೇಠೆಯ ಬೋಹರಿ ಆಳಿಗೆ ಒಂದು ಸಲ ಹೋಗಿ ಬಂದ್ರೆ ಇದರಲ್ಲಿ ಮುಕ್ಕಾಲು ಪಾಲು ಸಿಗುತ್ತೆ. ಟೂ ವೀಲರ್ ತಗೊಂಡು ಹೋಗ್ಬೇಡಿ, ಪಾರ್ಕಿಂಗ್ ಹುಡುಕೋದ್ರಲ್ಲೇ ಅರ್ಧ ದಿನ ಹೋಗುತ್ತೆ.

## ಹಂತ 1: ಪ್ರಶ್ನೆ ಒಂದು ಸಾಲಲ್ಲಿ ಬರೀರಿ

"ಸ್ಟೇಷನ್ ಎರ್ಗೊನಾಮಿಕ್ ಆಗಿದ್ಯಾ", ಅಂದ್ರೆ ಮೈಗೆ ಹೊಂದುತ್ತಾ, ಅನ್ನೋದು ಪ್ರಶ್ನೆನೇ ಅಲ್ಲ. "ಕುಳ್ಳಗಿರೋ ಆಪರೇಟರ್ ಭುಜ ಎತ್ತದೆ ಮೇಲಿನ ಎರಡು ಬೋಲ್ಟ್ ಮುಟ್ಟಬಹುದಾ", "ಫಿಕ್ಸ್ಚರ್ ಎತ್ತರ 140 ಇರ್ಲಾ 150 ಸೆಂ.ಮೀ. ಇರ್ಲಾ", ಹೀಗೆ ಬರೀರಿ.

ಬರೆದ ಮೇಲೆ ಪ್ರತಿ ಪ್ರಶ್ನೆ ಪಕ್ಕ ಒಂದು ಗುರುತು ಹಾಕಿ. ಚಾಚೋದು, ಕಾಣಿಸೋದು, ಕ್ರಮ, ಮೈ ಭಂಗಿ ಇದ್ರೆ ವಿಆರ್‌ಗೆ ಬಿಡಬಹುದು. ತೂಕ, ಬಲ, ಟಾರ್ಕ್, ಕಂಪನ, ಬಿಸಿ, ಬೆರಳು ಸಂದಿನಲ್ಲಿ ಹೋಗುತ್ತಾ ಅನ್ನೋದು, ಸಣ್ಣ ಅಕ್ಷರ ಓದೋಕಾಗುತ್ತಾ ಅನ್ನೋದು, ಇವೆಲ್ಲ ವಿಆರ್ ಹೊರಗೆ. ಈ ವಿಂಗಡಣೆ ಈಗ್ಲೇ ಮಾಡದಿದ್ರೆ ಆಮೇಲೆ ರಿಪೋರ್ಟ್‌ನಲ್ಲಿ ವಿಆರ್ ನೋಡದೇ ಇರೋದಕ್ಕೂ ಗ್ರೀನ್ ಟಿಕ್ ಬೀಳುತ್ತೆ.

## ಹಂತ 2: ಲೈನ್‌ಗೆ ಹೋಗಿ ನೋಡಿ

ಹೊಸ ಸ್ಟೇಷನ್ ಆದ್ರೂ ಅದೇ ಥರದ ಹಳೇದು ಎಲ್ಲೋ ಓಡ್ತಿರುತ್ತೆ. ಅಲ್ಲಿ ನಿಂತು ಒಂದು ಹತ್ತು ಹದಿನೈದು ಸೈಕಲ್ ಬದಿಯಿಂದ ವಿಡಿಯೋ ತಗೊಳ್ಳಿ, ತಗೊಳ್ಳೋ ಮುಂಚೆ ಆಪರೇಟರ್‌ನ ಕೇಳಿ, ಸೂಪರ್‌ವೈಸರ್‌ನ ಕೇಳಿದ್ರೆ ಸಾಕು ಅಂದ್ಕೋಬೇಡಿ. ಹುಕ್ ಸ್ಕೇಲ್‌ನಿಂದ ಟ್ರಾಲಿ ಎಳೆಯೋ ಬಲ, ಬ್ರಾಕೆಟ್ ತೂಕ ಅಳೆದು ಬರ್ಕೊಳ್ಳಿ. ಡ್ರಾಯಿಂಗ್‌ನಲ್ಲಿರೋ ತೂಕ ನಂಬ್ಬೇಡಿ, ಪಾರ್ಟ್ ಜೊತೆ ಹೋಗೋ ಗ್ಯಾಸ್ಕೆಟ್, ಕ್ಲಿಪ್ ಯಾರೂ ಸೇರಿಸಿರಲ್ಲ.

ಡ್ರಾಯಿಂಗ್‌ನಲ್ಲಿ ಇಲ್ಲದ ಸಾಮಾನು ಏನೇನಿದೆ ಅಂತನೂ ನೋಡಿ. ನೀರಿನ ಬಾಟಲಿ, ನೇತಾಡ್ತಿರೋ ಏರ್ ಹೋಸ್, ಯಾರೋ ಇಟ್ಟ ಖಾಲಿ ಬಿನ್, ಪಕ್ಕದವನ ಟ್ರಾಲಿ. ಇವು ಮಾಡೆಲ್‌ಗೆ ಬರ್ಲೇಬೇಕು, ಯಾಕಂದ್ರೆ ಮೈ ತಿರುಚೋದು ಬಹಳ ಸಲ ಇವನ್ನ ತಪ್ಪಿಸೋಕೆ.

## ಹಂತ 3: ಮಾಡೆಲ್ ಹಗುರ ಮಾಡಿ, ಅಳತೆ ಕೆಡಿಸ್ಬೇಡಿ

ಕ್ಯಾಡ್ ಫೈಲ್ (ಸ್ಟೇಷನ್ನಿನ 3ಡಿ ಡ್ರಾಯಿಂಗ್) ಎಂಎಂನಲ್ಲಿ ಇರುತ್ತೆ, ಯೂನಿಟಿಯಲ್ಲಿ 1 ಯೂನಿಟ್ ಅಂದ್ರೆ 1 ಮೀಟರ್, ಅನ್‌ರಿಯಲ್‌ನಲ್ಲಿ 1 ಸೆಂ.ಮೀ. ಎಕ್ಸ್‌ಪೋರ್ಟ್‌ನಲ್ಲಿ ಯೂನಿಟ್ ತಪ್ಪಿದ್ರೆ ಟೇಬಲ್ ಬೆಟ್ಟದಷ್ಟು ಬರುತ್ತೆ, ಅದು ಒಳ್ಳೇದು, ತಕ್ಷಣ ಕಾಣುತ್ತೆ. ಹೆದರ್ಬೇಕಾದ್ದು ಯಾರೋ ಕಣ್ಣಂದಾಜಲ್ಲಿ ಎಳೆದು "ಸರಿ ಕಾಣ್ತಿದೆ" ಅಂತ ಬಿಟ್ಟಿರೋ 4-5 ಪರ್ಸೆಂಟ್ ತಪ್ಪಿಗೆ, ಅದು ಯಾರ ಕಣ್ಣಿಗೂ ಬೀಳಲ್ಲ. ಅದಕ್ಕೆ ಮಾಡೆಲ್ ಒಳಗೆ ಸರಿಯಾಗಿ 1 ಮೀಟರ್ ಉದ್ದದ ಒಂದು ಹಳದಿ ಕೋಲು ಇಡಿ, ಕ್ಯಾಡ್‌ನಲ್ಲೇ ಸೇರಿಸಿ ಎಕ್ಸ್‌ಪೋರ್ಟ್ ಮಾಡಿ. ಮುಂದಿನ ಹಂತದಲ್ಲಿ ಅದೇ ಸಾಕ್ಷಿ.

ಬೋಲ್ಟಿನ ಥ್ರೆಡ್, ಒಳಗಿನ ಗೇರು, ವೈರಿಂಗ್ ಎಲ್ಲಾ ತೆಗೆದು ಹಾಕಿ. ಹೆಡ್‌ಸೆಟ್ ಕೇಳೋ ಫ್ರೇಮ್ ರೇಟ್, ಅಂದ್ರೆ 72 ಇಲ್ಲಾ 90, ಒಂದೇ ಸಮನೆ ಬರ್ಬೇಕು. ತಲೆ ತಿರುಗಿಸಿದಾಗ ಚಿತ್ರ ತಡವರಿಸಿದ್ರೆ ಮುಂದೆ ಹೋಗ್ಬೇಡಿ, ಆಪರೇಟರ್ ವಾಂತಿ ಮಾಡ್ಕೊಂಡ್ರೆ ಇನ್ನು ಯಾರೂ ನಿಮ್ಮ ರೂಮಿಗೆ ಬರಲ್ಲ.

ಇನ್ನೊಂದು ವಿಷಯ ಬಹಳ ಜನ ಬಿಡ್ತಾರೆ. ವಿಆರ್‌ನಲ್ಲಿ ಕೈ ಶೀಟ್ ಮೆಟಲ್ ಒಳಗಿಂದ ತೂರಿ ಹೋಗುತ್ತೆ, ತಡೆಯೋಕೆ ಅಲ್ಲಿ ಏನೂ ಇಲ್ಲ. ಆಪರೇಟರ್ ಕೈ ಗೋಡೆ ದಾಟಿ ನೇರ ಬೋಲ್ಟ್ ಹತ್ರ ಹೋಗುತ್ತೆ, ನೀವು "ಆಹಾ ಎಷ್ಟು ಸಲೀಸು" ಅಂತೀರಿ. ಕೈ ಏನನ್ನಾದ್ರೂ ತೂರಿದ ತಕ್ಷಣ ಕೆಂಪಾಗಿ ಬೀಪ್ ಆಗೋ ಹಾಗೆ ಮಾಡಿ, ಬೀಪ್ ಬಂದ ಸೈಕಲ್ ಲೆಕ್ಕಕ್ಕಿಲ್ಲ.

## ಹಂತ 4: ರೂಮು ಮತ್ತು ನೆಲದ ಲೆವೆಲ್

ಇದೊಂದು ಹಂತ ನಿಧಾನವಾಗಿ ಓದಿ, ನನ್ನ ಹತ್ರ ಬಂದ ಫೇಲಾದ ಕೇಸಲ್ಲಿ ಅರ್ಧಕ್ಕರ್ಧ ಇಲ್ಲೇ ಕೆಟ್ಟಿದ್ವು, ನಂದೂ ಸೇರಿ.

ಕನಿಷ್ಠ 3 ಮೀಟರ್ ಚೌಕ ಖಾಲಿ ಜಾಗ ಬೇಕು. ಮೇಲೆ ನೋಡಿ, ಫ್ಯಾನ್ ಇದೆಯಾ? ಕೈ ಎತ್ತೋ ಟೆಸ್ಟ್ ಇದು, ಫ್ಯಾನ್ ಆಫ್ ಮಾಡಿ ಸ್ವಿಚ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಇಲ್ಲಾಂದ್ರೆ ಸೆಕೆ ಆಯ್ತು ಅಂತ ಯಾರೋ ಬಂದು ಹಾಕ್ತಾರೆ. ಬೇಸ್ ಸ್ಟೇಷನ್ (ರೂಮಿನ ಮೂಲೆಲಿ ಇಡೋ ಟ್ರ್ಯಾಕಿಂಗ್ ಡಬ್ಬಿ) ಇರೋ ಸಿಸ್ಟಮ್ ಆದ್ರೆ ಕನ್ನಡಿ, ಗಾಜು, ಹೊಳೆಯೋ ಸ್ಟೀಲ್ ಶೀಟ್ ಮುಚ್ಚಿ. ಕ್ಯಾಮೆರಾ ಹೆಡ್‌ಸೆಟ್‌ನಲ್ಲೇ ಇದ್ರೆ ಬೆಳಕು ಚೆನ್ನಾಗಿರ್ಬೇಕು, ಖಾಲಿ ಬಿಳಿ ಗೋಡೆ ಮೇಲೆ ನಾಲ್ಕು ಕ್ಯಾಲೆಂಡರ್ ನೇತಾಕಿದ್ರೆ ಟ್ರ್ಯಾಕಿಂಗ್ ಗಟ್ಟಿಯಾಗುತ್ತೆ. ಕಿಟಕಿ ಬಿಸಿಲು ಲೆನ್ಸ್ ಮೇಲೆ ಬೀಳೋ ಹಾಗೆ ಹೆಡ್‌ಸೆಟ್ ಇಡ್ಬೇಡಿ, ಒಳಗಿನ ಸ್ಕ್ರೀನ್ ಸುಟ್ಟು ಕಲೆ ಬೀಳುತ್ತೆ.

ಈಗ ನೆಲ. ನಮ್ಮ ಮೊದಲ ಪ್ರಾಜೆಕ್ಟ್‌ನಲ್ಲಿ ಹುಡುಗನೊಬ್ಬ ಫ್ಲೋರ್ ಸೆಟ್ ಮಾಡುವಾಗ ಕಂಟ್ರೋಲರ್‌ನ ನೆಲಕ್ಕೆ ಮುಟ್ಟಿಸೋ ಬದಲು, ಪೂರ್ತಿ ಬಗ್ಗೋಕೆ ಸೋಮಾರಿಯಾಗಿ, ತನ್ನ ಸೇಫ್ಟಿ ಶೂ ಮೇಲೆ ಇಟ್ಟು ಓಕೆ ಒತ್ತಿದ. ಅಲ್ಲಿಗೆ ವಿಆರ್ ನೆಲ ನಿಜವಾದ ನೆಲಕ್ಕಿಂತ 8 ಸೆಂ.ಮೀ. ಮೇಲೆ ಬಂತು, ಅದರ ಜೊತೆ ಫಿಕ್ಸ್ಚರೂ 8 ಸೆಂ.ಮೀ. ಮೇಲೆ ಹೋಯ್ತು. ಬಂದ ಒಬ್ಬೊಬ್ಬರೂ "ಎತ್ತರ ಆಯ್ತು" ಅಂದ್ರು, ನಾವು ಖುಷಿಯಾಗಿ 8 ಸೆಂ.ಮೀ. ಇಳಿಸಿ ಫಿಕ್ಸ್ಚರ್ ಮಾಡಿಸಿದ್ವಿ. ಲೈನಲ್ಲಿ ಎಲ್ಲರೂ ಕತ್ತು ಬಗ್ಗಿಸಿ ನಿಂತಿದ್ದು ನೋಡಿದ ಮೇಲೆ ಫಿಕ್ಸ್ಚರ್ ಕಾಲಿಗೆ ಸ್ಪೇಸರ್ ವೆಲ್ಡ್ ಮಾಡಿಸಿದ್ವಿ. ಡೇಟಾ ಎಲ್ಲಾ ಒಂದೇ ದಿಕ್ಕಿಗೆ ತಪ್ಪಿದ್ರೆ ನೋಡೋಕೆ ಎಷ್ಟು ಚೆಂದ ಇರುತ್ತೆ ಅಂತ ಆವತ್ತು ಗೊತ್ತಾಯ್ತು.

ಚೆಕ್ ಮಾಡೋದು ಹೀಗೆ. ಕಂಟ್ರೋಲರ್‌ನ ಬರೀ ನೆಲದ ಮೇಲೆ ಇಡಿ, ಸ್ಕ್ರೀನ್‌ನಲ್ಲಿ ಎತ್ತರದ ನಂಬರ್ ಓದಿ. ಸರಿಯಾಗಿ ಸೊನ್ನೆ ಬರಲ್ಲ, ಯಾಕಂದ್ರೆ ಅಳೆಯೋ ಬಿಂದು ಕಂಟ್ರೋಲರ್ ಒಳಗೆ ಇರುತ್ತೆ, ಆದ್ರೆ ಪ್ಲಸ್ ಆಗ್ಲಿ ಮೈನಸ್ ಆಗ್ಲಿ ಎರಡು ಮೂರು ಸೆಂ.ಮೀ.ಗಿಂತ ಜಾಸ್ತಿ ಇದ್ರೆ ಫ್ಲೋರ್ ಮತ್ತೆ ಸೆಟ್ ಮಾಡಿ. ಆಮೇಲೆ ಅದೇ ಕಂಟ್ರೋಲರ್‌ನ ಅದೇ ಮಗ್ಗುಲಲ್ಲಿ, ಟೇಪ್‌ನಿಂದ ಅಳೆದ ಟೇಬಲ್ ಮೇಲೆ ಇಡಿ. ಟೇಬಲ್ 75 ಸೆಂ.ಮೀ. ಇದ್ರೆ ಎರಡು ನಂಬರ್‌ಗಳ ವ್ಯತ್ಯಾಸನೂ 75 ಇರ್ಬೇಕು. ಇದು ಎತ್ತರದ ಲೆಕ್ಕ. ಅಡ್ಡಕ್ಕೆ, ನೆಲದ ಮೇಲೆ 2 ಮೀಟರ್ ದೂರದಲ್ಲಿ ಎರಡು ಗುರುತು ಹಾಕಿ ಹೀಗೇ ಮಾಡಿ. ಕೊನೇಲಿ ಹಳದಿ ಕೋಲಿನ ಎರಡು ತುದಿಗೂ ಕಂಟ್ರೋಲರ್ ಹಿಡಿದು ಮಾಡೆಲ್ ಸೈಜ್ ಚೆಕ್ ಮಾಡಿ. ಇದಕ್ಕೆ 10 ನಿಮಿಷ ಸಾಕು, ದಿನಾ ಬೆಳಿಗ್ಗೆ ಒಂದ್ಸಲ, ಊಟ ಆದ್ಮೇಲೆ ಒಂದ್ಸಲ. ಕರೆಂಟ್ ಹೋಗಿ ಬಂದ್ರೆ ಮತ್ತೊಂದ್ಸಲ.

## ಹಂತ 5: ಪ್ಲೈವುಡ್ ಟೇಬಲ್ ಕಟ್ಟಿ

ವಿಆರ್ ಟೇಬಲ್ ಮೇಲೆ ಕೈ ಊರೋಕೆ ಹೋಗಿ ಮುಗ್ಗರಿಸಿದವರನ್ನ ನಾನೇ ಇಬ್ಬರನ್ನ ಹಿಡಿದಿದ್ದೀನಿ. ಜನ ಒರಗೋ ಜಾಗ, ಊರೋ ಜಾಗ, ಮೊಣಕಾಲು ತಾಗೋ ಜಾಗ, ಇವಿಷ್ಟಕ್ಕೆ ಸ್ಲಾಟೆಡ್ ಆ್ಯಂಗಲ್, ಪ್ಲೈವುಡ್‌ನಲ್ಲಿ ನಿಜವಾದ ಚೌಕಟ್ಟು ಮಾಡಿ, ಅಂದ ಚೆಂದ ಬೇಡ, ಅಳತೆ ಸರಿ ಇರ್ಲಿ. ಟೇಬಲ್‌ನ ಮೂರು ಮೂಲೆಗೆ ಕಂಟ್ರೋಲರ್ ಮುಟ್ಟಿಸಿ ವಿಆರ್ ಟೇಬಲ್‌ನ ಅದರ ಮೇಲೆ ಕೂರಿಸಿ.

ತೂಕದ ವಿಷಯಕ್ಕೆ ಬಂದ್ರೆ, ವಿಜಯಪುರ ಕಡೆಯ ಒಬ್ಬ ಹಿರಿ ಆಪರೇಟರ್ ಕಂಟ್ರೋಲರ್ ಹಿಡಿದು ಒಂದೇ ಸಲ ಎತ್ತಿ ನಕ್ಕಿದ್ದು ಇನ್ನೂ ಕಿವೀಲಿದೆ: "ಸರ, ಇದರಾಗ ವಜ್ಜಾನ ಇಲ್ಲಲ್ರಿ, ಹಿಂಗಿದ್ರ ನಮ್ಮ ಮನ್ಯಾಗಿನ ಹುಡುಗೂರು ಸೈತ ಎತ್ತತಾವ." ಕೈ ಖಾಲಿ ಇದ್ದಾಗ ಜನ ಪಾರ್ಟ್‌ನ ಮೈಯಿಂದ ದೂರ ಹಿಡೀತಾರೆ, ಬೇಗ ಎತ್ತತಾರೆ, ಕಾಲು ಮುಂದಿಡಲ್ಲ. ಭಂಗಿನೇ ಬೇರೆ ಆಗೋಗುತ್ತೆ. ಅದಕ್ಕೆ ಬ್ರಾಕೆಟ್ ಆಕಾರದ ಒಂದು ಮರದ ಪ್ರಾಪ್ ಮಾಡಿ ಅದಕ್ಕೆ ಟ್ರ್ಯಾಕರ್ ಕಟ್ಟಿ, 1-2 ಕೆಜಿ ಇದ್ರೆ ಸಾಕು. 9 ಕೆಜಿ ಕಬ್ಬಿಣನ ಕಣ್ಣು ಮುಚ್ಚಿದವನ ಕೈಗೆ ಕೊಡೋ ಸಾಹಸ ಬೇಡ, ಅದರ ಲೆಕ್ಕ 7ನೇ ಹಂತದಲ್ಲಿ ಕಾಗದದ ಮೇಲೆ ಮಾಡೋಣ.

## ಹಂತ 6: ಈಗ ಜನ, ಈಗ ಹೆಡ್‌ಸೆಟ್

ಆಫೀಸ್‌ನ ಹುಡುಗರನ್ನ ಕೂರಿಸಿ ಟೆಸ್ಟ್ ಮುಗಿಸ್ಬೇಡಿ. ಚಾಚೋ ಪ್ರಶ್ನೆಗೆ ಕುಳ್ಳಗಿರೋರು ಬೇಕು, ತಲೆ ಮೊಣಕಾಲು ತಾಗುತ್ತಾ ಅನ್ನೋ ಪ್ರಶ್ನೆಗೆ ಎತ್ತರದವರು ಬೇಕು. ವಿದೇಶಿ ಸಾಫ್ಟ್‌ವೇರ್‌ನಲ್ಲಿ ಬರೋ ಮನುಷ್ಯನ ಅಳತೆ ನಮ್ಮವರಿಗೆ ಹೊಂದಲ್ಲ, ಅಹಮದಾಬಾದಿನ ಡಿಸೈನ್ ಸಂಸ್ಥೆ ಎನ್‌ಐಡಿ 1997ರಲ್ಲಿ ಭಾರತೀಯರ ದೇಹದ ಅಳತೆಗಳನ್ನ ಪುಸ್ತಕವಾಗಿ ತಂದಿದೆ, ಹೆಂಗಸರ 5ನೇ ಪರ್ಸೆಂಟೈಲ್ (ನೂರರಲ್ಲಿ ಐದೇ ಜನ ಅದಕ್ಕಿಂತ ಕುಳ್ಳಗೆ), ಗಂಡಸರ 95ನೇ ಪರ್ಸೆಂಟೈಲ್ (ನೂರರಲ್ಲಿ ಐದೇ ಜನ ಅದಕ್ಕಿಂತ ಎತ್ತರ) ಅಲ್ಲಿಂದ ತೆಗೆದು ಅದಕ್ಕೆ ಹತ್ತಿರದವರನ್ನ ಲೈನ್‌ನಿಂದ ಕರೀರಿ. ನೈಟ್ ಶಿಫ್ಟ್ ಮುಗಿಸಿದವರನ್ನ ಬೇಡ. ಈ ಕಡೆ ಬಹಳಷ್ಟು ಯೂನಿಟ್‌ಗೆ ಗುರುವಾರ ವಾರದ ರಜೆ, ರೂಮ್ ಖಾಲಿ ಸಿಗುತ್ತೆ ಅಂತ ಅವತ್ತು ಕರೆದ್ರೆ ಮುಖ ಸಿಂಡರಿಸ್ಕೊಂಡು ಬರ್ತಾರೆ, ಉತ್ತರನೂ ಹಾಗೇ ಇರುತ್ತೆ.

ಮೂರ್ಛೆ ರೋಗ, ಮೈಗ್ರೇನ್, ಕಿವಿ ತೊಂದರೆಯಿಂದ ತಲೆಸುತ್ತು ಇರೋರು, ಗರ್ಭಿಣಿಯರು ಬೇಡ. ಎಲ್ಲರ ಮುಂದೆ ಕೇಳ್ಬೇಡಿ, ಒಬ್ಬೊಬ್ಬರನ್ನೇ ಕೇಳಿ. ಒಪ್ಪಿಗೆ ಪತ್ರ ಮರಾಠಿ, ಹಿಂದಿ, ಕನ್ನಡ ಯಾವುದು ಅವರಿಗೆ ಬರುತ್ತೋ ಅದರಲ್ಲಿ ಇರ್ಲಿ. ಡ್ಯೂಟಿ ಶೂ, ಗ್ಲೌಸ್ ಹಾಕಿಸಿ, ಶೂ ಇಲ್ಲದೆ ಎತ್ತರನೇ ಬದಲಾಗುತ್ತೆ.

ಕಣ್ಣುಗಳ ಮಧ್ಯದ ದೂರ ಒಬ್ಬೊಬ್ಬರಿಗೂ ಅಳೆದು ಲೆನ್ಸ್ ಸೆಟ್ ಮಾಡಿ, ದೊಡ್ಡವರಿಗೆ ಸರಾಸರಿ 63 ಎಂಎಂ ಆಸುಪಾಸು ಇರುತ್ತೆ, ಆದ್ರೆ ಸರಾಸರಿಗೆ ಬಿಟ್ರೆ ಕೆಲವರಿಗೆ ಮಂಜು ಕಾಣುತ್ತೆ, ಅವರು ಹೇಳೋದೂ ಇಲ್ಲ. ತಲೆಗೆ ಕೊಬ್ಬರಿ ಎಣ್ಣೆ ಹಾಕಿ ಬಂದವರಿಗೆ ಸ್ಟ್ರಾಪ್ ಜಾರುತ್ತೆ, ಕಾಟನ್ ಟೋಪಿ ಕೊಡಿ. ಫೋಮ್ ಒರೆಸಿ, ಲೆನ್ಸ್‌ಗೆ ಮಾತ್ರ ಸ್ಪಿರಿಟ್ ತಾಗಿಸ್ಬೇಡಿ, ಒಣ ಮೈಕ್ರೋಫೈಬರ್ ಬಟ್ಟೆ ಸಾಕು.

ಮೊದಲು 5-10 ನಿಮಿಷ ಬೇರೆ ಖಾಲಿ ದೃಶ್ಯದಲ್ಲಿ ಡಬ್ಬಿ ಎತ್ತಿ ಇಡೋ ಅಭ್ಯಾಸ. ಇದು ತಪ್ಪಿದ್ರೆ ಕಂಟ್ರೋಲರ್ ಕಲಿಯೋ ಕಷ್ಟನೇ ನಿಮ್ಮ ಸ್ಟೇಷನ್ ಕಷ್ಟ ಅಂತ ಲೆಕ್ಕಕ್ಕೆ ಬೀಳುತ್ತೆ. ಆಮೇಲೆ ಟೆಸ್ಟ್, ಒಟ್ಟು 20 ನಿಮಿಷ ದಾಟ್ಬೇಡಿ. ಜಾಯ್‌ಸ್ಟಿಕ್‌ನಿಂದ ಓಡಾಡ್ಸೋದು ಬೇಡ, ಕಾಲಲ್ಲೇ ನಡೀಲಿ. ಒಬ್ಬರು ಬರೀ ಅವರ ಬೆನ್ನ ಹಿಂದೆ ನಿಂತಿರ್ಲಿ, ಬೇರೆ ಕೆಲಸ ಕೊಡ್ಬೇಡಿ.

"ದೂರ ಎಷ್ಟಿದೆ ಅನ್ಸುತ್ತೆ" ಅಂತ ಕೇಳ್ಬೇಡಿ, ಹೆಡ್‌ಸೆಟ್‌ನಲ್ಲಿ ಜನರಿಗೆ ದೂರ ಇರೋದಕ್ಕಿಂತ ಕಮ್ಮಿ ಕಾಣುತ್ತೆ. ಮುಟ್ಟಿ ತೋರಿಸಿ ಅನ್ನಿ.

ನಿಲ್ಲಿಸ್ಬೇಕಾದ ಲಕ್ಷಣ: ಹಣೆ ಮೇಲೆ ತಣ್ಣನೆ ಬೆವರು, ಪದೇ ಪದೇ ಆಕಳಿಕೆ, ಉಗುಳು ನುಂಗೋದು, ಮಾತಾಡ್ತಿದ್ದವರು ಗಪ್ ಆಗೋದು. "ಇನ್ನೊಂದೇ ಸೈಕಲ್" ಅನ್ಬೇಡಿ. ಇದಕ್ಕೆ ಎಸ್‌ಎಸ್‌ಕ್ಯೂ ಅಂತ 16 ಲಕ್ಷಣಗಳ ಪಟ್ಟಿ ಇದೆ, ಪ್ರತಿಯೊಂದಕ್ಕೂ 0ರಿಂದ 3, ಮುಂಚೆ ಒಂದ್ಸಲ ಆಮೇಲೆ ಒಂದ್ಸಲ ತುಂಬಿಸಿ. ಮುಗಿದ ತಕ್ಷಣ ಬೈಕ್ ಹತ್ತೋಕೆ ಬಿಡ್ಬೇಡಿ, ಅರ್ಧ ಗಂಟೆ ಕೂರ್ಸಿ ಚಹಾ ಕೊಡಿ, ಚಾಕಣ ರೋಡಲ್ಲಿ ತಲೆ ನೆಟ್ಟಗಿರೋರಿಗೇ ಗಾಡಿ ಓಡ್ಸೋದು ಕಷ್ಟ.

## ಹಂತ 7: ಸ್ಕೋರ್ ಹಾಕೋದು

ಹೆಡ್‌ಸೆಟ್ ಮತ್ತು ಎರಡು ಕಂಟ್ರೋಲರ್ ಅಂದ್ರೆ ಕಂಪ್ಯೂಟರ್‌ಗೆ ಗೊತ್ತಿರೋದು ಮೂರೇ ಬಿಂದು. ಮೊಣಕೈ, ಭುಜ, ಸೊಂಟ ಎಲ್ಲಾ ಅದು ಊಹೆ ಮಾಡಿ ಬರೆದಿದ್ದು. ಆ ಊಹೆ ಮೇಲೆ ಸಾಫ್ಟ್‌ವೇರ್ ಆಟೋಮ್ಯಾಟಿಕ್ ರೂಲಾ ಸ್ಕೋರ್ (ಮೈ ಭಂಗಿ ಎಷ್ಟು ಕೆಟ್ಟದ್ದು ಅಂತ ಹೇಳೋ ಅಂಕ) ಕೊಟ್ರೆ ಅದನ್ನ ರಿಪೋರ್ಟ್‌ಗೆ ಹಾಕ್ಬೇಡಿ. ಟ್ರ್ಯಾಕರ್ ಡೇಟಾ ಜೊತೆ ಬದಿಯ ಫೋನ್ ವಿಡಿಯೋ ಇಟ್ಕೊಂಡು, ಪ್ರತಿ ವ್ಯಕ್ತಿಗೂ ಅತಿ ಕೆಟ್ಟ ಭಂಗಿ ಒಂದು, ಅತಿ ಹೊತ್ತು ಹಿಡಿದ ಭಂಗಿ ಒಂದು ಆರಿಸಿ, ಇಬ್ಬರು ಬೇರೆ ಬೇರೆ ಕೂತು ಸ್ಕೋರ್ ಹಾಕಿ. ಇಬ್ಬರದ್ದೂ ಹೊಂದದಿದ್ರೆ ಆ ಫ್ರೇಮ್ ಮತ್ತೆ ಒಟ್ಟಿಗೆ ನೋಡಿ.

ರೂಲಾದಲ್ಲಿ ಕೊನೇ ಸ್ಕೋರ್ 1ರಿಂದ 7. 1-2 ಪರವಾಗಿಲ್ಲ, 3-4 ಇನ್ನಷ್ಟು ನೋಡ್ಬೇಕು, 5-6 ಬೇಗ ಬದಲಾಯಿಸ್ಬೇಕು, 7 ಬಂದ್ರೆ ಈಗ್ಲೇ. ಮೇಲ್ತೋಳು 90 ಡಿಗ್ರಿ ದಾಟಿದ್ರೆ ಅದಕ್ಕೇ 4, ಭುಜ ಎತ್ತಿದ್ರೆ ಮೇಲೊಂದು. ಕತ್ತಿನ ಅಂಕ ಮಾತ್ರ ಅನುಮಾನದಿಂದ ನೋಡಿ. ಹೆಡ್‌ಸೆಟ್ ಅರ್ಧ ಕೆಜಿ ತೂಗುತ್ತೆ, ಜೊತೆಗೆ ಮೇಲೆ ಕೆಳಗೆ ಕಾಣೋ ಜಾಗ ಕಮ್ಮಿ, ಬರೀ ಕಣ್ಣು ಇಳಿಸಿ ನೋಡೋ ಕಡೆ ಜನ ಕತ್ತೇ ಬಗ್ಗಿಸ್ತಾರೆ. ನಾನಂತೂ ಕತ್ತಿನ ಅಂಕನ ಪ್ಲೈವುಡ್ ಮಾಕಪ್‌ನಲ್ಲಿ, ಹೆಡ್‌ಸೆಟ್ ತೆಗೆಸಿ, ಮತ್ತೆ ತಗೊಳ್ತೀನಿ.

ಎತ್ತೋದಕ್ಕೆ ನಿಯೋಶ್ ಸೂತ್ರ, ಎಷ್ಟು ತೂಕ ಎತ್ತಿಸಬಹುದು ಅಂತ ಅಮೆರಿಕದ ಕೆಲಸದ ಸುರಕ್ಷತಾ ಸಂಸ್ಥೆ ಕೊಟ್ಟಿರೋ ಲೆಕ್ಕ. ಶುರು 23 ಕೆಜಿಯಿಂದ, ಕಷ್ಟ ಹೆಚ್ಚಾದಷ್ಟೂ ಅದನ್ನ ಇಳಿಸ್ತಾ ಹೋಗೋದು. ನಮ್ಮ ಬ್ರಾಕೆಟ್ ಇಡುವಾಗ ಕೈ ಎರಡು ಪಾದದ ಗಂಟುಗಳ ಮಧ್ಯದಿಂದ 50 ಸೆಂ.ಮೀ. ದೂರ, 25ನ 50ರಿಂದ ಭಾಗಿಸಿದ್ರೆ 0.5. ಕೈ ಎತ್ತರ 150, ಅದು ಸೂತ್ರದ ಆಧಾರ ಎತ್ತರ 75ರಿಂದ 75 ಸೆಂ.ಮೀ. ಆಚೆ, 0.003ರಿಂದ ಗುಣಿಸಿ 1ರಿಂದ ಕಳೆದ್ರೆ 0.775. ಬಿನ್‌ನಲ್ಲಿ ಕೈ 75ರಲ್ಲಿತ್ತು, ಅಂದ್ರೆ ಮೇಲೆತ್ತಿದ್ದು 75, 4.5ನ 75ರಿಂದ ಭಾಗಿಸಿ 0.82 ಸೇರಿಸಿದ್ರೆ 0.88. ಎಲ್ಲಾ ಗುಣಿಸಿ: ಸುಮಾರು 7.8 ಕೆಜಿ. ಮೈ ತಿರುಚೋದು, ಎಷ್ಟು ಸಲ ಎತ್ತೋದು, ಹಿಡಿತ ಹೇಗಿದೆ ಅನ್ನೋದು ಇನ್ನೂ ಸೇರ್ಸಿಲ್ಲ, ಸೇರ್ಸಿದ್ರೆ ಇನ್ನೂ ಇಳಿಯೋದೇ. ನಮ್ಮದು 9 ಕೆಜಿ, ಆಗ್ಲೇ ಮಿತಿ ದಾಟಿದೆ. 50 ಸೆಂ.ಮೀ.ನ 35ಕ್ಕೆ ತಂದ್ರೆ ಮಿತಿ 11 ಕೆಜಿ ದಾಟುತ್ತೆ. ಆ 35 ಸಾಧ್ಯನಾ, ಮೊಣಕಾಲಿಗೆ ಏನು ಅಡ್ಡ ಬರುತ್ತೆ ಅಂತ ನೋಡೋಕೆ ವಿಆರ್‌ನಷ್ಟು ಒಳ್ಳೇ ಸಾಧನ ಇನ್ನೊಂದಿಲ್ಲ, ಮಧ್ಯಾಹ್ನದೊಳಗೆ ಐದು ಲೇಔಟ್ ನೋಡಬಹುದು.

## ಹಂತ 8: ಪ್ಯಾನೆಲ್ ಬಳಸೋಕೆ ಬರುತ್ತಾ

"ಹಸಿರು ಬಟನ್ ಒತ್ತಿ" ಅಂತ ಹೇಳಿದ್ರೆ ಟೆಸ್ಟ್ ಅಲ್ಲೇ ಕೆಟ್ಟಿತು. "ಪಾರ್ಟ್ ಆಯ್ತು, ಮುಂದಿಂದು ಶುರು ಮಾಡಿ" ಅಷ್ಟೇ ಹೇಳಿ, ತಡಕಾಡೋಕೆ ಬಿಡಿ, ಬಾಯಿ ಮುಚ್ಕೊಂಡಿರಿ. ತಲೇಲಿ ಏನು ಓಡ್ತಿದೆ ಅಂತ ಜೋರಾಗಿ ಹೇಳೋಕೆ ಹೇಳಿ, ಯಾವ ಭಾಷೆ ಬಾಯಿಗೆ ಬರುತ್ತೋ ಅದರಲ್ಲಿ. ಮಾತಾಡ್ತಾ ಮಾಡಿದ ಸೈಕಲ್‌ನ ಟೈಮ್ ಲೆಕ್ಕಕ್ಕೆ ಹಿಡೀಬೇಡಿ, ವಿಆರ್ ಟೈಮ್‌ನ ಲೈನ್ ಟೈಮ್ ಜೊತೆ ಹೋಲಿಸೋದಂತೂ ಬೇಡವೇ ಬೇಡ. ಎರಡು ಡಿಸೈನ್ ಇದ್ರೆ ವಿಆರ್ ಒಳಗೇ ಒಂದಕ್ಕೊಂದು ಹೋಲಿಸಿ, ಅರ್ಧ ಜನ ಮೊದಲನೇದ್ರಿಂದ, ಅರ್ಧ ಜನ ಎರಡನೇದ್ರಿಂದ ಶುರು ಮಾಡ್ಲಿ.

ಪ್ರತಿ ತಪ್ಪಿಗೂ ಆಗ್ಲೇ ಒಂದು ಗುರುತು: "ವಿಆರ್ ತಪ್ಪು" ಇಲ್ಲಾ "ಡಿಸೈನ್ ತಪ್ಪು". ಕೈ ಬಟನ್ ಮೇಲೆ ಇದ್ರೂ ಒತ್ತಿಲ್ಲ ಅಂದ್ರೆ ವಿಆರ್. ಸ್ಟಾಪ್ ಬಟನ್‌ನೇ ಸ್ಟಾರ್ಟ್ ಅಂದ್ಕೊಂಡ್ರೆ ಡಿಸೈನ್. ಸಂಜೆ ಕೂತು ನೆನಪಿಸ್ಕೊಳ್ತೀನಿ ಅಂದ್ರೆ ಆಗಲ್ಲ.

ಲೇಬಲ್ ಓದೋಕಾಗುತ್ತಾ ಅನ್ನೋದನ್ನ ಇಲ್ಲಿ ಟೆಸ್ಟ್ ಮಾಡ್ಬೇಡಿ. ಕ್ವೆಸ್ಟ್ 3ರಲ್ಲಿ ಒಂದು ಡಿಗ್ರಿಗೆ 25 ಪಿಕ್ಸೆಲ್, ಒಳ್ಳೇ ಕಣ್ಣಿಗೆ ಬೇಕಾಗೋದು 60ರ ಹತ್ರ. ಲೇಬಲ್ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿ ನೋಡಿ.

ಕೊನೇಗೆ ಎಸ್‌ಯುಎಸ್, ಬಳಸೋಕೆ ಎಷ್ಟು ಸುಲಭ ಅಂತ ಅಳೆಯೋ ಹಾಳೆ, 10 ಪ್ರಶ್ನೆ, 1ರಿಂದ 5. ಬೆಸ ಪ್ರಶ್ನೆಯ ಉತ್ತರದಿಂದ 1 ಕಳೀರಿ, ಸಮ ಪ್ರಶ್ನೆಯ ಉತ್ತರನ 5ರಿಂದ ಕಳೀರಿ, ಕೂಡಿಸಿ 2.5ರಿಂದ ಗುಣಿಸಿ. 68 ಆಸುಪಾಸು ಸಾಧಾರಣ ಅಂತ ಲೆಕ್ಕ, ಆದ್ರೆ ಅದು ಪರ್ಸೆಂಟ್ ಅಲ್ಲ. ಸಮ ಪ್ರಶ್ನೆಗಳು ಉಲ್ಟಾ ಅರ್ಥದವು, ನೀವೇ ಓದಿ ಹೇಳಿ. ಎಲ್ಲದಕ್ಕೂ 5 ಹಾಕಿದವರ ಹಾಳೆ ಬಂದ್ರೆ ಅವರು ಪ್ರಶ್ನೆ ಓದಿಲ್ಲ, ನಿಮ್ಮನ್ನ ಖುಷಿ ಪಡಿಸ್ತಿದ್ದಾರೆ. ಪ್ರಶ್ನೆ ಪ್ಯಾನೆಲ್ ಬಗ್ಗೆ, ಹೆಡ್‌ಸೆಟ್ ಬಗ್ಗೆ ಅಲ್ಲ ಅಂತ ಎರಡು ಸಲ ಹೇಳಿ.

## ಹಂತ 9: ವೆಲ್ಡ್ ಮಾಡಿಸೋ ಮುಂಚೆ, ಮಾಡಿಸಿದ ಮೇಲೆ

ಆರಿಸಿದ ಲೇಔಟ್‌ನ ಪ್ಲೈವುಡ್‌ನಲ್ಲಿ ಪೂರ್ತಿ ಕಟ್ಟಿ, ನಿಜವಾದ 9 ಕೆಜಿ ಬ್ರಾಕೆಟ್, ಬೋಲ್ಟ್ ಟೈಟ್ ಮಾಡೋ ನಿಜವಾದ ಗನ್ ಕೊಟ್ಟು ಮೂರು ಜನರಿಂದ ಮಾಡಿಸಿ: ಒಬ್ಬರು ಕುಳ್ಳಗೆ, ಒಬ್ಬರು ಎತ್ತರ, ಒಬ್ಬರು ಮಧ್ಯಮ. ವಿಆರ್ ಸ್ಕೋರ್‌ಗೂ ಇದಕ್ಕೂ ರೂಲಾದಲ್ಲಿ 2 ಅಂಕ ವ್ಯತ್ಯಾಸ ಬಂದ್ರೆ 4ನೇ ಹಂತಕ್ಕೆ ವಾಪಸ್ ಹೋಗಿ, ಮೊದಲು ನೆಲ ಚೆಕ್ ಮಾಡಿ.

ಫಿಕ್ಸ್ಚರ್ ಲೈನ್‌ಗೆ ಹೋಗಿ ಮೂರು ವಾರ ಆದ್ಮೇಲೆ ಹೇಳದೇ ಕೇಳದೇ ಒಂದ್ಸಲ ಹೋಗಿ. ಕಾಲಡಿ ಯಾರಾದ್ರೂ ಮರದ ಹಲಗೆ ಹಾಕ್ಕೊಂಡಿದ್ದಾರಾ, ಬಿನ್ ಕೆಳಗೆ ಇಟ್ಟಿಗೆ ಬಂದಿದ್ಯಾ, ಗನ್‌ಗೆ ತಂತಿ ಕಟ್ಟಿ ಹತ್ರ ಎಳ್ಕೊಂಡಿದ್ದಾರಾ ನೋಡಿ. ಹಲಗೆ ಇದ್ರೆ ಬೈಬೇಡಿ, ಎತ್ತಿಸ್ಲೂ ಬೇಡಿ, ಜೇಬಿಂದ ಟೇಪ್ ತೆಗೆದು ಅದರ ದಪ್ಪ ಅಳೆದು ಬರ್ಕೊಳ್ಳಿ, ಮಾಡೆಲ್‌ನಲ್ಲಿ ಅಷ್ಟು ಬದಲಾಯಿಸಿ ಮತ್ತೆ ಓಡ್ಸಿ.